ಚೀನಿ ಉಪ್ಪು

ಮೊದಲೇ ಒಪ್ಪಿಕೊಳ್ಳುತ್ತೇನೆ, ಆಯಿ ನಾಲ್ಕು ದಿನ ಬರೀ ಮಜ್ಜಿಗೆ ಕುಡಿದು ಮಲಗಿದ್ದು ನನ್ನ ಮಂಗಾಟದಿಂದ. ಗಾಂಧಿ ಚೌಕದ ಗೋಬಿ ಗಾಡಿಯ ಹೊಗೆ ಮೂಗಿಗೆ ಬಡಿದಾಗಲೆಲ್ಲ ನಮ್ಮೂರು ತಿಕೋಟಾದ ಆ ಅಡುಗೆಮನೆ ಎದ್ದು ಬರುತ್ತದೆ. ಈಗಲ್ಲಿ ಒಣದ್ರಾಕ್ಷಿ ಪೆಟ್ಟಿಗೆಗಳಿವೆ. ನನ್ನ ಅಪ್ಪನ ತಾಯಿ, ಆ ಆಯಿಯೂ ಇಲ್ಲ, ಗೋಡೆಯಾಚೆಯ ನೂರಬಿ ಚಾಚಿಯೂ ಇಲ್ಲ. ಕಂಡವರ ದನಿ ಅಣಕಿಸುವ ಚಟದ ನನ್ನ ಗಂಟಲಲ್ಲಿ ಇಬ್ಬರ ದನಿಗಳೂ ಇವೆ. ತೆಗೆದು ತೋರಿಸಿದರೆ ಗುರುತು ಹಿಡಿಯುವವರಿಲ್ಲ. ನಿಮಗೂ ಗೊತ್ತಿರಬೇಕು, ಅದು ಎಂಥ ಒಂಟಿತನವೆಂದು.

ನಾನಾಗ ಎಂಟನೆಯ ತರಗತಿ. ಜ್ವರ ಬಂದು ಹೋದಮೇಲೆ ಆಯಿಗೆ ಬಾಯಿರುಚಿಯೇ ಸತ್ತಿತ್ತು. ಮೊದಲೇ ಸಕ್ಕರೆ ಕಾಯಿಲೆ. ಈಗ ಸಾರೂ ಬಿಸಿನೀರಿನಂತಿದೆ ಎಂದು ತಟ್ಟೆ ಸರಿಸುತ್ತಿದ್ದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಚಾಚಿ, ಬೇಳೆಕಟ್ಟಿನ ಸಾರಿಗೆ ಗೋಬಿ ಗಾಡಿಯವರು ಹಾಕುವ ಬಿಳಿ ರುಚಿಪುಡಿಯನ್ನು ಚಿಟಿಕೆ ಉದುರಿಸಿ ತಂದಳು. ಪೇಟೆಯಲ್ಲಿ ಅದಕ್ಕೆ ಚೀನಿ ಉಪ್ಪು ಎಂದು ಹೆಸರು. ಆಯಿ ಬೆರಳು ನೆಕ್ಕಿ, "ಇನ್ನೊಂದೀಟ ಹಾಕ ಬೇ" ಎಂದಳು. ಮೂರು ದಿನ ಹಾಗೆಯೇ ಉಂಡಳು.

ಅಷ್ಟರಲ್ಲಿ ಪಟ್ಟಣದ ಜಲನಗರದಿಂದ ಅಪ್ಪನ ತಮ್ಮ, ನಮ್ಮ ಕಾಕಾ, ಬಂದ. ವಾದಕ್ಕಿಳಿಯುವ ಮೊದಲು ಅವನು ಸ್ಕೂಟರಿಗೆ ಕಿಕ್ ಹೊಡೆದಂತೆ ಮೂರು ಸಲ ಕೆಮ್ಮುತ್ತಿದ್ದ. "ಆ ಪುಡಿ ವಿಷ ಐತಿ. ಮೊಬೈಲ್‌ನಾಗ ನೋಡೀನಿ."

ಫಾರ್ಮಸಿ ಓದುತ್ತಿದ್ದ ಅಕ್ಕ, "ಚೂರ ಹಾಕಿದ್ರ ಏನೂ ಆಗೂದಿಲ್ಲ ಕಾಕಾ. ಟೊಮ್ಯಾಟೊದಾಗೂ ಅದ ಇರತೈತಿ" ಎಂದಳು.

ಬಾಗಿಲ ಹಿಂದಿನಿಂದ ನಾನು ಆಯಿಯ ಡಾಕ್ಟರ ಮೂಗುದನಿ ತೆಗೆದೆ: "ಅಮ್ಮಾರ, ಇವತ್ತಿಂದ ಚೀನಿ ಬಂದ್ ಮಾಡ್ರಿ." ಎಲ್ಲರೂ ನಕ್ಕರು. ಒಳಗೆ ಮಲಗಿದ್ದ ಆಯಿಯ ನಗು ಕೇಳಲಿಲ್ಲ.

ಅಂದಿನಿಂದ ಆಯಿ ಸಾರು ಮುಟ್ಟಲಿಲ್ಲ. ತಾನೇ ಗೆದ್ದೆನೆಂದು ಕಾಕಾ ದಿನಾ ಬಂದು ಕೆಮ್ಮಿದ. ಅಕ್ಕ ಪುಸ್ತಕ ತೆರೆದಿಟ್ಟು ಜಗಳಾಡಿದಳು. ಚಾಚಿ ತಂದ ಬಟ್ಟಲನ್ನು ಸೆರಗಲ್ಲಿ ಮುಚ್ಚಿಕೊಂಡು ಮರಳುತ್ತಿದ್ದಳು. ನಾಲ್ಕನೆಯ ದಿನ ಆಯಿಗೆ ಎದ್ದು ಕೂರಲೂ ಆಗದಿದ್ದಾಗ, ಯಾಕೆ ಉಣ್ಣುವುದಿಲ್ಲ ಎಂದು ನಾನೇ ಕೇಳಿದೆ.

"ನನಗ ಸಕ್ಕರಿ ಬ್ಯಾನಿ ಅಲ್ಲೇನೋ? ಚೀನಿ ಬ್ಯಾಡಂತ ಡಾಕ್ಟರ್ ಮನಿತನಕ ಬಂದು ಹೇಳಿ ಹೋಗ್ಯಾರ."

ಚಾಚಿಯ ಮನೆಮಾತಿನಲ್ಲಿ ಸಕ್ಕರೆಗೆ ಚೀನಿ ಎನ್ನುತ್ತಾರೆ. ನಲವತ್ತು ವರ್ಷ ಗೋಡೆಯ ಮೇಲಿಂದ ಚೀನಿ ಕೊಟ್ಟು ತಂದ ಆಯಿಗೆ ಆ ಪದಕ್ಕೆ ಬೇರೆ ಅರ್ಥವಿರಲಿಲ್ಲ; ಸಾರಿನ ಪುಡಿಯೂ ಸಕ್ಕರೆಯೇ ಎಂದುಕೊಂಡಿದ್ದಳು. ನಾನು ಸ್ವಂತ ದನಿಯಲ್ಲಿ, ಅಪರೂಪಕ್ಕೆ, ತಪ್ಪೊಪ್ಪಿಕೊಂಡೆ. ಚಾಚಿ ನನ್ನ ಕಿವಿ ಹಿಂಡಿ ಸಾರು ಬಿಸಿಗಿಟ್ಟಳು.

ಕಾಕಾ ಕೆಮ್ಮಿದ. "ಸಕ್ಕರಿ ಅಲ್ಲ, ಖರೆ. ಆದ್ರ ವಿಷ ಹೌದೋ ಅಲ್ಲೋ ಇನ್ನೂ ತೀರ್ಮಾನ ಆಗಿಲ್ಲ ಯವ್ವಾ."

ಆಯಿ ದಿಂಬಿಗೊರಗಿಕೊಂಡೇ ರೊಟ್ಟಿ ಮುರಿದು ಸಾರಿಗೆ ಅದ್ದಿದಳು. "ಆದಮ್ಯಾಲ ಬಂದು ಹೇಳಪಾ. ಅಲ್ಲೀತನಕ ನಾ ಉಣತೀನಿ."