ಬದುವಿನ ಮೇಲಿನ ಗುಪ್ಪೆಗಳು

ಸತ್ತ ಹಕ್ಕಿ ಸಿಗಲಿ ಎಂದು ಹಂಬಲಿಸುವ ಉದ್ಯೋಗ ನನ್ನದು. ಗಾಳಿಯಂತ್ರದ ರೆಕ್ಕೆಗೆ ಬಡಿದು ಬಿದ್ದವನ್ನು ಕಂಬದ ಸುತ್ತ ಹುಡುಕಿ ವರದಿ ಬರೆಯುತ್ತೇನೆ. ನೆಂಟರು ಕೇಳಿದರೆ ಮಾತ್ರ, ಹಕ್ಕಿ ನೋಡುತ್ತೇನೆ ಎಂದು ಜಾರಿಕೊಳ್ಳುತ್ತೇನೆ.

ಆ ಚಳಿಗಾಲ ಕುಪ್ಪೇಲೂರಿನಾಚೆಯ ಒಂದು ಹೊಲದ ಯಂತ್ರದ ಬುಡದಲ್ಲಿ ನನಗೆ ಒಂದು ಪುಕ್ಕವೂ ಸಿಗಲಿಲ್ಲ. ಹೊಲಕ್ಕೆ ಅಂಟಿಕೊಂಡೇ ಹುಲ್ಲುಗಾವಲು. ದೂರದೇಶದಿಂದ ಬರುವ ಸೆಳೆವಗಳು, ಹದ್ದಿನ ಬಳಗದವು, ಸಂಜೆ ಅಲ್ಲಿಳಿದು ನೆಲದ ಮೇಲೆಯೇ ಮಲಗುತ್ತವೆ. ಆ ಹುಲ್ಲಿನಲ್ಲೂ ಯಂತ್ರ ನಿಲ್ಲಿಸಬೇಕೆಂದು ಕಂಪನಿಯ ಆಸೆ. ನನ್ನ ವರದಿಯಲ್ಲಿ ಸಾವಿಲ್ಲದಿದ್ದರೆ ಅವರ ಹಾದಿ ಸಲೀಸು. ರಾಣೆಬೆನ್ನೂರಿನಲ್ಲಿ ಚಹಾ ಕುಡಿಸುತ್ತ ಅವರ ಎಂಜಿನಿಯರು, "ನಿಮ್ಮ ಹಕ್ಕಿ ಭಾಳ ಶಾಣ್ಯಾ ಅದಾವ್ರಿ ಮೇಡಂ" ಎಂದು ನಕ್ಕ. ಮೈ ಉರಿಯಿತು. ಗಾಳಿಯ ಕರೆಂಟು ಬೇಡ ಎನ್ನುವವಳಲ್ಲ ನಾನು. ಆದರೆ ಆ ಹುಲ್ಲು ಹೋದರೆ ಅವು ಎಲ್ಲಿ ಮಲಗಬೇಕು?

ವರದಿ ಕೊಡುವ ಮೊದಲು ಹೊಲದ ಯಜಮಾನತಿಗೆ ಹೇಳಿ ಬರಲು ಹೋದೆ. ಪ್ರತಿ ಸಲ ಫೋನ್ ಮಾಡಿಯೇ ಹೊಲಕ್ಕೆ ಬರುತ್ತಿದ್ದೆ. ಯಂತ್ರದ ಬುಡವನ್ನು ಎಷ್ಟು ಚೊಕ್ಕ ಇಡುತ್ತೀರಿ ಎಂದು ಹೊಗಳಿದೆ.

"ನಿಮ್ಮ ಫೋನ್ ಬಂದ ಕೂಡ್ಲೇ ಕಸ ಹೊಡಿತಿದ್ನಿರಿ ಅಕ್ಕಾರ. ಹಕ್ಕಿ ಸತ್ತು ಬಿದ್ದಿದ್ರ ಬದುವಿನ ಮ್ಯಾಲೆ ಮಣ್ಣು ಮಾಡ್ತಿದ್ದೆ. ಮಂದಿ ಬರೂ ಜಾಗಾದಾಗ ಹೆಣ ಬಿಟ್ಟು ಕುಂದ್ರಾಕ ಆಕ್ಕೈತೇನ್ರಿ?"

ಬದುವಿಗೆ ಕರೆದೊಯ್ದಳು. ಬೇವಿನ ನೆರಳಲ್ಲಿ ಸಣ್ಣ ಸಣ್ಣ ಗುಪ್ಪೆಗಳು, ಒಂದೊಂದರ ಮೇಲೂ ಕಲ್ಲು, ಕಲ್ಲಿಗೆ ಅರಿಶಿನ. ನನಗೆ ಮೊದಲು ಆದದ್ದು ಸಂತೋಷ. ಅದರ ಬೆನ್ನಿಗೇ ನನ್ನ ಮೇಲೇ ಹೇಸಿಗೆ.

"ತೆಗೆದು ನೋಡಬೇಕ್ರಿ ಯವ್ವಾ."

"ಮಣ್ಣು ಕೊಟ್ಟಿದ್ದನ್ನ ಯಾರರ ತೆಗೀತಾರೇನ್ರಿ?"

ಹುಲ್ಲಿನಲ್ಲಿ ಮಲಗುವವುಗಳ ಸುದ್ದಿ ಹೇಳಿದೆ. ಇವು ಸತ್ತದ್ದು ಕಾಗದಕ್ಕೆ ಬರದಿದ್ದರೆ ಅವೂ ಹೀಗೇ ಸಾಯುತ್ತವೆ ಎಂದೆ. ಆಕೆ ಸಲಿಕೆ ತಂದುಕೊಟ್ಟು, ತಲೆ ಮೇಲೆ ಸೆರಗು ಹೊದ್ದು, ನನಗೆ ಬೆನ್ನು ಮಾಡಿ ಕುಳಿತಳು.

ಮೊದಲ ಗುಪ್ಪೆಯಲ್ಲೇ ಉದ್ದ ರೆಕ್ಕೆಯ ಕಂದು ಹಕ್ಕಿ ಸಿಕ್ಕಿತು. ಹೆಣ್ಣು ಸೆಳೆವ. ಅರಿವೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು.

"ನೋಡೂದು ಮುಗಿದ ಮ್ಯಾಲೆ ಇದ್ದಂಗ ಮುಚ್ಚಿ ಬಿಡ್ರಿ" ಎಂದಳು ತಿರುಗದೆಯೇ.

ನಾನು ಮುಂದಿನ ಗುಪ್ಪೆಯ ಕಲ್ಲು ಸರಿಸಿದೆ. ಸಾಕ್ಷಿಗೆಂದು ಅವನ್ನೆಲ್ಲ ಹಾವೇರಿಯ ಕಚೇರಿಗೆ ಒಯ್ಯಬೇಕಿತ್ತು. ಚೀಲ ನನ್ನ ಹೆಗಲಲ್ಲೇ ಇತ್ತು.