ನಾಲ್ಕು ಬೆರಳು ತೋರಿಸಿದ ಮ್ಯಾನೇಜರ್

ಆ ಭಾನುವಾರ ಕ್ಯಾಂಟೀನಿನ ಸರದಿ ರಜನಿಯದಾಗಿತ್ತು. ರೋಟರ್‌ಡ್ಯಾಮಿನ ಪಕ್ಕದ ಊರು ಕಾಪೆಲ್ಲೆಯ ಆ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಯಾರ ಮನೆಯವರು ಆಡಲಿ, ಆಡಿಸಲಿ, ಆ ಮನೆಯಿಂದ ಒಬ್ಬರು ಆಗಾಗ ಬಂದು ಕೌಂಟರಿನ ಹಿಂದೆ ನಿಲ್ಲಬೇಕು. ಬಾರ್‌ಡೀನ್ಸ್ಟ್ ಎನ್ನುತ್ತಾರೆ ಅದಕ್ಕೆ. ಸಂಬಳವಿಲ್ಲ, ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಮಾಂಸದ ಹೂರಣವಿಟ್ಟು ಕರಿಯುವ ಬಿಟರ್‌ಬಾಲನ್ ಎಂಬ ಉಂಡೆಗಳನ್ನು ರಜನಿ ಹದವಾಗಿ ಕರಿಯುತ್ತಾಳೆಂದು ಇಡೀ ಕ್ಲಬ್ಬಿಗೆ ಗೊತ್ತು. ಹುಟ್ಟಾ ಸಸ್ಯಾಹಾರಿಯಾದ ಅವಳು ಅದರ ರುಚಿಯನ್ನೇ ನೋಡಿಲ್ಲವೆಂಬುದು ಮಾತ್ರ ಯಾರಿಗೂ ಹೊಳೆದಿಲ್ಲ.

ಅವಳ ಗಂಡ ತ್ಯಾಗರಾಜ ಕ್ಲಬ್ಬಿನ ಎರಡನೇ ತಂಡದ ಮ್ಯಾನೇಜರ್. ಮೈಸೂರಿನ ಮೈದಾನಗಳಲ್ಲಿ ಕ್ರಿಕೆಟ್ ಆಡಿ ಬೆಳೆದವನು ಈ ಆಟಕ್ಕೆ ಬಂದದ್ದು ಅಕಸ್ಮಾತ್ತಾಗಿ. ಮಗಳು ಅನನ್ಯಾ ಪುಟ್ಟವಳಿದ್ದಾಗ ಮನೆಯ ಹಿಂದಿನ ಮೈದಾನದಲ್ಲಿ ಆಡುವ ಮಕ್ಕಳನ್ನು ನೋಡಿ ಹಟ ಹಿಡಿದಳು. ಇವನು ಅವಳನ್ನು ಬಿಟ್ಟು ಬೇಲಿಗೆ ಒರಗಿ ನಿಂತ. ಡಚ್ಚರ ಆ ದೇಶದಲ್ಲಿ ಬೇಲಿಗೆ ಒರಗಿ ನಿಂತ ಅಪ್ಪನ ಕೈ ಖಾಲಿ ಇರಲು ಬಿಡುವುದಿಲ್ಲ. ಮೊದಲು ಸುಣ್ಣದ ಗೆರೆ ಎಳೆಯಲು ಕೊಟ್ಟರು, ಆಮೇಲೆ ಅಂಪೈರ್ ತರಬೇತಿಗೆ ಕಳಿಸಿದರು, ಕೊನೆಗೆ ಒಂದು ತಂಡವನ್ನೇ ಕೊರಳಿಗೆ ಕಟ್ಟಿದರು. ಅನನ್ಯಾ ಎರಡೇ ವರ್ಷಕ್ಕೆ ಆಟ ಬಿಟ್ಟು ಈಜಿಗೆ ಹೋದಳು. ಅಪ್ಪ ಮಾತ್ರ ಅಲ್ಲೇ ಉಳಿದ.

ಇವತ್ತು ಗೆದ್ದಿದ್ದರೆ ತಂಡ ಮೇಲಿನ ದರ್ಜೆಗೆ ಏರುತ್ತಿತ್ತು. ಗೆಲ್ಲಲಿಲ್ಲ. ಸೋಲಿಗೆ ಕಾರಣ ತ್ಯಾಗರಾಜನೇ ಎಂಬುದರಲ್ಲಿ ಕೌಂಟರಿನ ಮುಂದೆ ನೆರೆದಿದ್ದವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ನಡೆದದ್ದು ಇಷ್ಟು. ಕೊನೆಯ ಇನ್ನಿಂಗ್ಸ್. ಇವರು ಒಂದು ರನ್ ಮುಂದೆ. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು; ಇನ್ನೊಬ್ಬ ಔಟಾದರೆ ಅವರ ಕಥೆ ಮುಗಿಯಿತು. ಆದರೆ ಒಂದು ರನ್ನಿಗೆ ಸುತ್ತಿ ಬರಬೇಕಾದ ನಾಲ್ಕು ಬೇಸುಗಳ ಪೈಕಿ ಎರಡನೆಯದರಲ್ಲೂ ಮೂರನೆಯದರಲ್ಲೂ ಅವರ ಓಟಗಾರರು ಕಾಲು ಕೆರೆಯುತ್ತ ನಿಂತಿದ್ದರು, ಬ್ಯಾಟು ಹಿಡಿದು ಬಂದವನು ರೂಲ್. ಬಾಗಿಲ ಚೌಕಟ್ಟಿನಷ್ಟು ಎತ್ತರದ ಆಳು, ಹೊಡೆದ ಚೆಂಡು ಪಕ್ಕದ ಕಾಲುವೆಯಲ್ಲಿ ತೇಲುವುದು ಮಾಮೂಲು. ಚೆಂಡೆಸೆಯಲು ನಿಂತಿದ್ದವನು ಕೌಶಲ್, ರೋಟರ್‌ಡ್ಯಾಮಿನಲ್ಲಿ ಓದುತ್ತಿರುವ ಧಾರವಾಡದ ಹುಡುಗ. ಕಾಲೇಜು ತಂಡದಲ್ಲಿ ವೇಗದ ಬೌಲರ್ ಆಗಿದ್ದವನು. ಇಬ್ಬರೂ ಎದುರುಬದುರಾದಾಗ ಇಡೀ ಮೈದಾನ ಉಸಿರು ಬಿಗಿ ಹಿಡಿಯಿತು. ತ್ಯಾಗರಾಜ ಕೌಶಲ್‌ನ ಹತ್ತಿರ ನಡೆದುಹೋದ, ಏನೋ ಮಾತಾಡಿದ, ವಾಪಸು ಬಂದು ಅಂಪೈರ್‌ಗೆ ನಾಲ್ಕು ಬೆರಳು ತೋರಿಸಿದ. ಹಾಗೆ ತೋರಿಸಿದರೆ ಅರ್ಥ, ಇವನಿಗೆ ನಾವು ಚೆಂಡೇ ಎಸೆಯುವುದಿಲ್ಲ, ಮೊದಲ ಬೇಸನ್ನು ಪುಕ್ಕಟೆ ಕೊಟ್ಟಿದ್ದೇವೆ, ನಡೆದುಕೊಂಡು ಹೋಗಲಿ. ರೂಲ್ ಬ್ಯಾಟು ಬಿಸಾಕಿ ನಗುತ್ತ ನಡೆದ. ಮುಂದೆ ಬಂದವನು ಕನ್ನಡಕದ ಮೇಷ್ಟ್ರು. ಇಡೀ ಬೇಸಿಗೆಯಲ್ಲಿ ಅವನ ಬ್ಯಾಟಿಗೆ ಚೆಂಡು ತಗುಲಿದ್ದೇ ಅಪರೂಪ. ಅವನು ಅಂದಾಜಿನ ಮೇಲೆ ಬೀಸಿದ. ಚೆಂಡು ಎಲ್ಲರ ತಲೆಯ ಮೇಲೆ ತೇಲಿ ಯಾರೂ ಇಲ್ಲದ ಹುಲ್ಲಿನ ಮೇಲೆ ಮೆತ್ತಗೆ ಬಿತ್ತು. ಎರಡು ರನ್. ಇವರ ಪಾಳಿ ಬಂದಾಗ ಯಾರೂ ಬೇಸು ಮುಟ್ಟಲಿಲ್ಲ.

“ಮೊದಲ ಬೇಸು ಖಾಲಿ ಇತ್ತು, ಪುಸ್ತಕದ ಪ್ರಕಾರ ಸರಿಯೇ,” ಎಂದ ಒಬ್ಬ.

“ಪುಸ್ತಕ ಸುಡು! ಹುಡುಗನ ಎಸೆತ ಇವತ್ತು ಬೆಂಕಿ ಥರ ಇತ್ತು. ಅವನ ಮೇಲೆ ನಂಬಿಕೆ ಇಡಬೇಕಿತ್ತು,” ಎಂದ ವಿಮ್. ಕ್ಲಬ್ಬಿನ ಹಿರಿಯ ಸದಸ್ಯ, ಎಲ್ಲ ಮ್ಯಾನೇಜರುಗಳ ತಪ್ಪನ್ನೂ ಬಾಯಿಪಾಠ ಮಾಡಿಕೊಂಡವನು. ಆಮೇಲೆ ಕೌಂಟರಿನತ್ತ ತಿರುಗಿದ. “ರಜನಿ, ನಿನ್ನ ಗಂಡನಿಗೆ ಹೆದರಿಕೆ ಜಾಸ್ತಿ.”

ಡಚ್ಚರು ಹೀಗೆ, ಮನಸ್ಸಿಗೆ ಬಂದದ್ದನ್ನು ಮುಖಕ್ಕೇ ಹೇಳುತ್ತಾರೆ, ಹೇಳಿಸಿಕೊಂಡವನಿಗೇ ಬಿಯರ್ ಕೊಡಿಸುತ್ತಾರೆ. ಬೇರೊಬ್ಬ ಹೆಂಗಸಾಗಿದ್ದರೆ ಮುಖ ಊದಿಸುತ್ತಿದ್ದಳೇನೋ. ರಜನಿ, “ಮನೆಯಲ್ಲೂ ಹೀಗೇ,” ಎಂದು ಡಚ್ಚಿನಲ್ಲೇ ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು.

ಸುಳ್ಳೇನೂ ಹೇಳಿರಲಿಲ್ಲ. ತ್ಯಾಗರಾಜ ಬಿಟ್ಟುಕೊಡುವ ಮನುಷ್ಯ. ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಹಿಂದಿನವರನ್ನು ಮುಂದೆ ಬಿಡುತ್ತಾನೆ. ಪಕ್ಕದ ಮನೆಯವನ ಬೇಲಿಗಿಡ ಇವರ ಅಂಗಳಕ್ಕೆ ಒಂದು ಮಾರು ಒಳಗೆ ಬಂದರೂ “ಹಸಿರಾಗಿದೆ ಬಿಡು” ಎನ್ನುತ್ತಾನೆ. ಆಫೀಸಿನಲ್ಲಿ ಇವನಿಗೆ ಬರಬೇಕಿದ್ದ ಹುದ್ದೆಗೆ ಇವನೇ ಕೆಲಸ ಕಲಿಸಿದ ಹುಡುಗಿ ಕುಳಿತಾಗ ಇವನೇ ಕೇಕು ಕೊಂಡೊಯ್ದ. ಹೆಸರಿಟ್ಟವರು ನೋಡಿಯೇ ಇಟ್ಟಿದ್ದಾರೆ ಎಂದು ರಜನಿ ರೇಗಿಸುತ್ತಿದ್ದಳು. ಈಚೆಗೆ ರೇಗಿಸುವಿಕೆಯಲ್ಲಿ ನಗು ಕಡಿಮೆಯಾಗಿ ಬೇಸರ ಸೇರಿಕೊಂಡಿತ್ತು. ಒಂದು ಸಲವಾದರೂ ಈ ಮನುಷ್ಯ ಎದೆ ಕೊಟ್ಟು ನಿಲ್ಲಬಾರದೇ? ಇವತ್ತು ಆ ನಾಲ್ಕು ಬೆರಳು ಮೇಲೆದ್ದಾಗ ಕ್ಯಾಂಟೀನಿನ ಕಿಟಕಿಯಿಂದ ನೋಡುತ್ತಿದ್ದ ಅವಳಿಗೆ ಅನ್ನಿಸಿದ್ದು ಅದೇ.

“ಮಾಮ್, ಎಲ್ಲರೂ ಪಪ್ಪಾನ ಬೈತಿದಾರೆ,” ಎಂದು ಅನನ್ಯಾ ಖಾಲಿ ಗ್ಲಾಸುಗಳನ್ನು ತಂದಿಟ್ಟಳು. “ಹೀ ಈಸ್ ನಾಟ್ ಈವನ್ ಡಿಫೆಂಡಿಂಗ್ ಹಿಮ್‌ಸೆಲ್ಫ್.”

ಹೌದು, ತ್ಯಾಗರಾಜ ಬಾಗಿಲಲ್ಲಿ ನಿಂತು, “ಸರಿ, ನನ್ನ ತೀರ್ಮಾನ, ನನ್ನ ತಪ್ಪು,” ಎಂದಷ್ಟೇ ಹೇಳಿ, ಗೋರುಹಲಗೆ ಹಿಡಿದು ಮೈದಾನದ ಮಣ್ಣು ಸರಿಮಾಡಲು ಹೊರಟುಹೋಗಿದ್ದ.

ರಜನಿ ಒಳಗೆ ಬಾಣಲೆ ತೊಳೆಯುತ್ತಿದ್ದಾಗ ಕೌಶಲ್ ಬಂದ. ಬೂಟು ಕೈಯಲ್ಲಿ, ಕಣ್ಣು ನೆಲದಲ್ಲಿ.

“ಆಂಟಿ, ಸರ್‌ದು ಏನೂ ತಪ್ಪಿಲ್ರಿ. ನಾನ ಬ್ಯಾಡ ಅಂದೆ.”

“ಏನು ಬೇಡ ಅಂದೆ?”

“ರೂಲ್‌ಗೆ ಚೆಂಡು ಒಗಿಯೂದು.” ಹುಡುಗ ಗೋಡೆಗೆ ಒರಗಿದ. “ಮೇ ತಿಂಗಳದಾಗ ಅಂವ ಹೊಡದದ್ದು ಸೀದಾ ಬಂದು ನನ್ನ ಪಕ್ಕೆಲುಬಿಗೆ ಬಡೀತಲ್ರಿ. ಅವತ್ತು ನಗಕೋತ ಎದ್ದು ನಿಂತೆ. ಆದ್ರ ಅವತ್ತಿಂದ ಅಂವ ಬ್ಯಾಟ್ ಹಿಡ್ಕೊಂಡು ಬಂದ್ರ ಸಾಕು, ನನ್ನ ಕೈ ತಣ್ಣಗಾಗ್ತಾವ. ಸರ್ ಹತ್ರ ಬಂದಾಗ ಹೇಳಿಬಿಟ್ಟೆ, ನನ್ನ ಕಡೆಯಿಂದ ಆಗೂದಿಲ್ರಿ ಅಂತ. ಬ್ಯಾರೆ ಯಾರೂ ಒಗಿಯವ್ರು ಉಳದಿದ್ದಿಲ್ಲ.”

“ಅವರೇನಂದ್ರು?”

“ನಕ್ರು. ‘ಆಯ್ತು, ಬೆರಳು ನಾನು ತೋರಿಸ್ತೀನಿ. ಇದು ನನ್ನ ತೀರ್ಮಾನ. ಯಾರಾದ್ರೂ ಕೇಳಿದ್ರೆ ನಿಂಗೇನೂ ಗೊತ್ತಿಲ್ಲ’ ಅಂದ್ರು. ಈಗ ಎಲ್ಲಾರ ಮುಂದ ಹೇಳ್ತೀನಿ ಅಂದ್ರ ಬೈತಾರ. ಮುಂದಿನ ವಾರ ಮತ್ತ ನೀನೇ ಒಗೀಬೇಕು, ಹೆದರಿದವ ಅಂತ ಹೆಸರು ಹೊತ್ಕೊಂಡು ಹೆಂಗ ಒಗೀತಿ ಅಂತಾರ.” ಅವನ ಕಣ್ಣು ತುಂಬಿತ್ತು. “ನಿಮಗರ ಗೊತ್ತಿರಲಿ ಅಂತ ಹೇಳಿದ್ರಿ.”

ರಜನಿ ಬಾಣಲೆಯನ್ನು ಹಾಗೇ ಸಿಂಕಿನಲ್ಲಿ ಬಿಟ್ಟಳು. ‘ಇದು ನನ್ನ ತೀರ್ಮಾನ.’ ಈ ಮಾತನ್ನು ಅವಳು ಹಿಂದೊಮ್ಮೆ ಕೇಳಿದ್ದಳು.

ಅನನ್ಯಾ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಬೆಂಗಳೂರಿನಲ್ಲಿ ತ್ಯಾಗರಾಜನಿಗೆ ಕೆಲಸ ಸಿಕ್ಕಿತ್ತು, ಟಿಕೆಟ್ಟಿನ ಮಾತೂ ಆಗಿತ್ತು. ಅಷ್ಟರಲ್ಲಿ ರಜನಿಗೆ ಇಲ್ಲಿಯ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿ, ಸೈಕಲ್ಲು ಕಲಿತು, ಎಲ್ಲಿಗೆ ಹೊರಟೆ ಎಂದು ಯಾರೂ ಕೇಳದ ಬೆಳಗುಗಳ ರುಚಿ ಹತ್ತಿತ್ತು. “ರೀ, ನಂಗೆ ವಾಪಸ್ ಹೋಗಕ್ಕೆ ಇಷ್ಟ ಇಲ್ಲ. ಆದ್ರೆ ಅಮ್ಮಂಗೆ ಹೇಳೋ ಧೈರ್ಯ ಇಲ್ಲ,” ಎಂದಿದ್ದಳು. ಅವನು ಆಗಲೇ ಫೋನೆತ್ತಿ ಮೈಸೂರಿಗೆ ಮಾತಾಡಿದ್ದ: “ಅತ್ತೆ, ನಾವು ಇಲ್ಲೇ ಇರ್ತೀವಿ. ರಜನೀನ ಏನೂ ಅನ್ಬೇಡಿ, ಇದು ನನ್ನ ತೀರ್ಮಾನ.”

ಅಂದಿನಿಂದ ಅವಳ ತಾಯಿ ಜಲಜಾಕ್ಷಿಗೆ ಈ ಅಳಿಯನ ಮೇಲೆ ಕೋಪ. ಮಗನ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಆರಾಮಾಗಿಯೇ ಇರುವ ಮುದುಕಿ, ಆದರೂ ಮಗಳನ್ನು ಕಸಿದುಕೊಂಡವನು ಇವನೇ ಎಂದು ಪಟ್ಟು. ಮೈಸೂರಿಗೆ ಹೋದಾಗ ಚಿಕ್ಕಳಿಯನ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಿದ್ದರೆ, ಇವನ ಎಲೆಗೆ ಒಂದು ಬೀಳುತ್ತಿತ್ತು, ಅದೂ ತುಪ್ಪವಿಲ್ಲದೆ. ಫೋನಿನಲ್ಲಿ ಇವನ ಮುಖ ಕಂಡರೆ ಆಕೆ ಕನ್ನಡಕ ಹುಡುಕುವ ನೆಪದಲ್ಲಿ ಎದ್ದುಹೋಗುತ್ತಿದ್ದಳು. ರಜನಿಯೋ, “ಏನ್ ಮಾಡೋದಮ್ಮ, ಅವರು ಕೇಳಲ್ಲ,” ಎಂದು ಹೇಳಿ ಹೇಳಿ, ಕೊನೆಕೊನೆಗೆ ಅದನ್ನೇ ನಿಜವೆಂದು ನಂಬಿಬಿಟ್ಟಿದ್ದಳು. ಅವನು ಒಂದು ದಿನವೂ, ಜಗಳದಲ್ಲೂ, ನೀನೇ ಹೇಳಿದ್ದಲ್ಲವೇ ಎಂದು ಅಂದಿರಲಿಲ್ಲ.

ಎದೆ ಕೊಟ್ಟು ನಿಲ್ಲದವನೆಂದು ಯಾರನ್ನು ನೋಡಿ ನಕ್ಕಳೋ, ಅವನ ಎದೆಯ ಮರೆಯಲ್ಲೇ ಇಷ್ಟು ವರ್ಷ ತಾನು ಬೆಚ್ಚಗೆ ಬದುಕಿದ್ದಳು. ರಜನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಇಂಥವನು ತನಗೆ ಸಿಕ್ಕನಲ್ಲ ಎಂದು.

“ಮುಂದಿನ ವಾರ ಚೆನ್ನಾಗಿ ಎಸಿ,” ಎಂದು ಕೌಶಲ್‌ನ ಬೆನ್ನು ತಟ್ಟಿದಳು. ಅವನ ಗುಟ್ಟು ಅವನದು. ತನ್ನ ಗುಟ್ಟಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಏಪ್ರನ್ ಬಿಚ್ಚಿ ಹೊರಗಿನ ಮೆಟ್ಟಿಲ ಮೇಲೆ ಕೂತು ಮೈಸೂರಿಗೆ ವಿಡಿಯೊ ಕರೆ ಮಾಡಿದಳು. ಬೇಸಿಗೆಯ ಸಂಜೆಯ ಬಿಸಿಲು ಇನ್ನೂ ಮೈದಾನದ ಮೇಲಿತ್ತು. ಅಲ್ಲಿ ತಾಯಿ ರಾತ್ರಿಯ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

“ಈ ಸಲ ದಸರಾಕ್ಕೂ ಬರಲ್ವಾ? ನಿನ್ನ ಗಂಡ ಬಿಟ್ರೆ ತಾನೆ ಬರೋದು,” ಎಂದು ಜಲಜಾಕ್ಷಿ ಶುರುಮಾಡಿದಳು.

“ಅಮ್ಮ, ಅವರು ಯಾವತ್ತೂ ತಡೆದಿಲ್ಲ. ಆವತ್ತು ಬೆಂಗಳೂರಿಗೆ ಬರಲ್ಲ ಅಂದಿದ್ದು ನಾನು. ನಿಂಗೆ ಹೇಳಕ್ಕೆ ಹೆದ್ರಿಕೊಂಡೆ. ಅವರು ತಮ್ಮ ಮೇಲೆ ಹಾಕ್ಕೊಂಡ್ರು.”

ಆ ಕಡೆ ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ನಿಂತಿತು.

“ಇಷ್ಟು ವರ್ಷ ಬಾಯಿ ಬಿಡ್ಲಿಲ್ವೇನೇ ಆ ಮನುಷ್ಯ?”

“ಇಲ್ಲಮ್ಮ.”

“ನೀನೂ ಬಿಡ್ಲಿಲ್ಲ.” ಆಕೆ ಮೂಗು ಒರೆಸಿಕೊಂಡಳು. “ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ. ಮೊದಲು ಅವರಿಗೆ ಫೋನ್ ಕೊಡು.”

ರಜನಿ ಫೋನು ಹಿಡಿದು ಮೈದಾನದೊಳಗೆ ನಡೆದಳು. ಕೌಶಲ್ ನಿಂತು ಎಸೆಯುವ ದಿಬ್ಬದ ಮಣ್ಣನ್ನು ತ್ಯಾಗರಾಜ ಗೋರಿ ಸಮ ಮಾಡುತ್ತಿದ್ದ. ಹೆಂಡತಿಯ ಒದ್ದೆ ಕಣ್ಣು ನೋಡಿ ಗಾಬರಿಯಾದ.

“ಏನಾಯ್ತೇ? ವಿಮ್ ಏನಾದ್ರೂ ಅಂದ್ನಾ?”

“ಅಮ್ಮ ರೀ. ನಿಮ್ಮ ಹತ್ರ ಮಾತಾಡ್ಬೇಕಂತೆ.”

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬೈಗುಳಕ್ಕೆ ಸಿದ್ಧನಾದವನಂತೆ ಫೋನು ತೆಗೆದುಕೊಂಡ. ಆ ಕಡೆ ಮುದುಕಿ ಕನ್ನಡಕ ಹಾಕಿಕೊಂಡೇ ಕೂತಿದ್ದಳು, ಎದ್ದುಹೋಗಲಿಲ್ಲ. ಏನೋ ದೊಡ್ಡದನ್ನು ಹೇಳಬೇಕೆಂದು ಬಾಯಿ ತೆರೆದಳು, ಅದು ಬರಲಿಲ್ಲ.

“ಊಟ ಆಯ್ತೇನಪ್ಪಾ?” ಎಂದಳು.

“ಇನ್ನೂ ಇಲ್ಲ ಅತ್ತೆ,” ಎಂದ ತ್ಯಾಗರಾಜ.

“ಈ ಸಲ ಬಾ. ನಿನ್ನ ಎಲೆಗೆ ನಾನೇ ಬಡಿಸ್ತೀನಿ. ತುಪ್ಪ ಬೇಡ ಅನ್ನೋ ಹಾಗಿಲ್ಲ.”

ರಜನಿ ಅವನ ಕೈಯಿಂದ ಗೋರುಹಲಗೆ ತೆಗೆದುಕೊಂಡು, ಅವನು ಮಾತಾಡಲಿ ಎಂದು ಉಳಿದ ಮಣ್ಣನ್ನು ತಾನೇ ಎಳೆಯತೊಡಗಿದಳು.