ತಂಗಿಯ ಮಗಳ ಅರ್ಧ ಸೆಂಟಿಮೀಟರು

ಮನೆಯಲ್ಲಿ ಅಳತೆ ಟೇಪು ಇಟ್ಟುಕೊಂಡವನಿಗೆ ನೆಮ್ಮದಿಯಿಲ್ಲ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆಯುವುದೇ ನನ್ನ ಕೆಲಸವಾಗಿತ್ತು; ನಿವೃತ್ತನಾದರೂ ಚಟ ಬಿಟ್ಟಿಲ್ಲ. ಯಾರು ಯಾವ ಅಂಕಿ ಹೇಳಿದರೂ ಅದರಲ್ಲಿ ತಪ್ಪೆಷ್ಟು ಎಂದು ಕೇಳುತ್ತೇನೆ. ನೆಂಟರು ನನ್ನ ಪಕ್ಕ ಊಟಕ್ಕೆ ಕೂರಲು ಹಿಂಜರಿಯುವುದು ಸಹಜವೇ.

ಇದಕ್ಕೆ ತಕ್ಕ ಶಾಸ್ತಿಯಾದದ್ದು ತಂಗಿಯ ಮಗಳು ಪಲ್ಲವಿಯಿಂದ. ತಾರ್ನಾಕದ ನಮ್ಮ ಮನೆಯಲ್ಲೇ ಬೆಳೆದ ಹುಡುಗಿ. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಯ ಮೊದಲ ಪರೀಕ್ಷೆ ಪಾಸಾದಳು. ಮುಂದಿನದು ಎತ್ತರದ ಅಳತೆ. ಮನೆಯಲ್ಲಿ ಗೋಡೆಗೆ ನಿಲ್ಲಿಸಿ ಅಳೆದರೆ ಬೇಕಾದ್ದಕ್ಕಿಂತ ಅರ್ಧ ಸೆಂಟಿಮೀಟರು ಕಡಿಮೆ! ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ. ನೋಡುತ್ತ ಕೂತಿದ್ದ ನನ್ನ ಅವ್ವ ದೇವರಿಗೆ ಹರಕೆ ಹೊತ್ತಳು.

ಹರಕೆಗಿಂತ ಮೊದಲು ಉಪಕರಣವನ್ನು ಅನುಮಾನಿಸಬೇಕು, ಆಮೇಲೆ ನೋಡುವ ಕಣ್ಣನ್ನು, ಆಮೇಲೆ ಅಳೆಸಿಕೊಳ್ಳುವ ವಸ್ತುವನ್ನು. ಕೈಯ ಬಿಸಿಗೆ ಉಕ್ಕೇ ಹಿಗ್ಗುತ್ತದೆ, ಮನುಷ್ಯರ ಪಾಡೇನು? ಟೇಪು ಬದಲಿಸಿದೆ. ಅವಳ ಜಡೆ ಬಿಚ್ಚಿಸಿದೆ. ಓರೆಯಾಗಿ ನೋಡಬಾರದೆಂದು ಮಂಡಿ ಬಗ್ಗಿಸಿ ಕಣ್ಣನ್ನು ಗೆರೆಯ ನೇರಕ್ಕೆ ತಂದೆ. ಬೆಳಿಗ್ಗೆ ಎದ್ದ ಕೂಡಲೇ ಅಳೆದಾಗ ಮಾತ್ರ ಹೇಗೋ ಬೇಕಾದ ಗೆರೆ ಮುಟ್ಟಿದಳು. ಮಲಗಿ ಎದ್ದ ಬೆನ್ನುಮೂಳೆ ತುಸು ಉದ್ದವಿರುತ್ತದೆ, ಹೊತ್ತೇರಿದಂತೆ ಕುಗ್ಗುತ್ತದೆ. ಉಳಿದ ಅಳತೆಗಳನ್ನೆಲ್ಲ ಸುಳ್ಳೆಂದು ತಳ್ಳಿಹಾಕಿ ಅದೊಂದನ್ನೇ ನಂಬಿದೆ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ.

ಹಾಗಾಗಿ ಅಳತೆಯ ದಿನ ಅವಳನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಗಚ್ಚಿಬೌಲಿಯ ಮೈದಾನದತ್ತ ಹೊರಟೆ.

"ಪೇಷಂಟ್ ಹೈ ಕ್ಯಾ ಸಾಬ್? ಕೌನ್ಸೇ ದವಾಖಾನೆ ಕು?" ರೋಗಿಯೆಂದು ತಿಳಿದು ಡ್ರೈವರ್ ಯಾವ ಆಸ್ಪತ್ರೆಗೆಂದು ಕೇಳಿದ.

"ಪೇಷಂಟ್ ನೈ ಭಾಯಿ, ಪೊಲೀಸ್ ಹೋನೇವಾಲಿ ಹೈ," ಎಂದೆ. ಪೊಲೀಸ್ ಆಗುವವಳು ಎಂದು ಕೇಳಿದ್ದೇ ಅವನು ಸೀಟ್ ಬೆಲ್ಟ್ ಹಾಕಿಕೊಂಡ.

ಟ್ರಾಫಿಕ್ಕು ನಿಂತಲ್ಲೇ ನಿಂತಿತು. ಬಿಸಿಲು ಏರುತ್ತಿತ್ತು. ಪಲ್ಲವಿ ತಲೆಯೆತ್ತಿದಾಗಲೆಲ್ಲ, "ಏಳಬ್ಯಾಡ, ಕುಗ್ಗತಿ!" ಎಂದು ಗದರಿದೆ.

ಮೈದಾನದ ಬೇಲಿಯ ಹೊರಗೆ ಅಪ್ಪ-ಅಮ್ಮಂದಿರ ಗುಂಪು. ಒಳಗೆ ಒಬ್ಬೊಬ್ಬ ಹುಡುಗಿ ಅಳತೆಗೆ ನಿಂತಾಗಲೂ ಹೊರಗೆ ಅವಳ ಮನೆಯವರು ತಮಗೇ ಅರಿವಿಲ್ಲದೆ ಹಿಮ್ಮಡಿ ಎತ್ತುತ್ತಿದ್ದರು. ಪಲ್ಲವಿಯ ಸರದಿ ಬಂದಾಗ ನಾನೂ ಎತ್ತಿದೆ.

ಅವಳು ಓಡುತ್ತ ಬಂದಳು. "ಪಾಸಾದೆ ಮಾಮಾ! ಬೇಕಾಗಿದ್ದಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತೀನ ಬಂತು."

ಸಂತೋಷಪಡಬೇಕಾದ ನನ್ನ ಬಾಯಿಂದ ಬಂದದ್ದು: "ಅವರ ಯಂತ್ರ ತಪ್ಪಿರಬೇಕು."

"ಯಂತ್ರ ಸರಿ ಐತ್ರಿ. ಮನ್ಯಾಗ ಅಳಿಯಾಕ ನೀವು ನಿಂತಿರತೀರಿ, ಎದುರಿಗೆ ಅಜ್ಜಿ ಕುಂತಿರತಾಳ. ಹಿರಿಯಾರ ಮುಂದ ಸೆಟದು ಹ್ಯಾಂಗ ನಿಂದ್ರಲಿ? ಸಣ್ಣಾಕಿ ಇದ್ದಾಗಿಂದ ಅದಕ್ಕ ಬೈದೀರಲ್ಲ."

ತಲೆ ತಗ್ಗಿಸಿ ನಿಲ್ಲುವ ಹುಡುಗಿಯನ್ನು ಗುಣವಂತೆ ಎಂದು ಹೊಗಳಿದ್ದೆವು. ಅದರಿಂದ ಅವಳಿಗೆ ಎಷ್ಟು ಕಡಿಮೆಯಾಯಿತೆಂದು ಯಾರೂ ಅಳೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಆಶೀರ್ವಾದಕ್ಕೆಂದು ಅವಳು ಅಲ್ಲೇ ನನ್ನ ಕಾಲಿಗೆ ಬಗ್ಗಿದಳು. ಭುಜ ಹಿಡಿದು ತಡೆದೆ.

"ಬ್ಯಾಡವಾ, ನೆಟ್ಟಗ ನಿಂದ್ರು," ಎಂದೆ. "ನೀ ಎಷ್ಟು ಎತ್ತರ ಅದಿ ಅಂತ ನಾ ಇನ್ನೂ ನೋಡೇ ಇಲ್ಲ."